ಮನೆಯಲ್ಲಿ ಬಿಯರ್: ಅಳಿಯನ ಗ್ಯಾರೇಜು, ಮಗನ ಬಕೆಟ್ಟು



ನಮ್ಮ ಸಂಘದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬರುವುದು ಲೈಸನ್ಸ್ ಶುಲ್ಕ, ಗ್ಯಾಸಿನ ದರ, ಜಿಎಸ್‌ಟಿ, ಕಾರ್ಮಿಕರ ಅಭಾವ ಇಂಥ ವಿಷಯಗಳು. ಈ ಸಲ ಸ್ವಲ್ಪ ಬೇರೆ ವಿಷಯ ಬರೆಯಲು ಮನಸ್ಸಾಯಿತು. ನಾವು ಸಾಹಿತಿಗಳಲ್ಲ. 1982ರಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಊರಿನಿಂದ ಬಸ್ಸು ಹತ್ತಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಹತ್ತನೆಯ ತರಗತಿ ಮುಗಿಸಿದವರು. ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.

ಡೊಂಬಿವಲಿಯಲ್ಲಿ ನಮ್ಮದು ಇಡ್ಲಿ ದೋಸೆಯ ಹೋಟೆಲು, ಅದಕ್ಕೆ ತಾಗಿ ಪರ್ಮಿಟ್ ರೂಮು. 1998ರಿಂದ ಬಿಯರ್ ಮಾರುತ್ತಿದ್ದೇವೆ. ಕ್ರೇಟಿನ ಲೆಕ್ಕ ಗೊತ್ತು, ಬಾಟ್ಲಿಯ ಮೇಲಿನ ಲಾಭ ಗೊತ್ತು, ಮೇ ತಿಂಗಳಲ್ಲಿ ಎಷ್ಟು ಸ್ಟಾಕ್ ಬೇಕು ಎಂಬುದು ಗೊತ್ತು. ಆದರೆ ಬಿಯರ್ ಹೇಗೆ ಆಗುತ್ತದೆ ಎಂದು ಯಾರಾದರೂ ಕೇಳಿದ್ದರೆ 2023ರ ವರೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕುಡಿಯುವವರೂ ಅಲ್ಲ. ಗಲ್ಲೆಯಲ್ಲಿ ಕುಳಿತವನು ಗ್ಲಾಸು ಹಿಡಿಯಬಾರದು ಎಂದು ನಮ್ಮ ಹಳೆಯ ಮಾಲಕರು ಹೇಳಿಕೊಟ್ಟದ್ದನ್ನು ಇವತ್ತಿಗೂ ಪಾಲಿಸಿಕೊಂಡು ಬಂದಿದ್ದೇವೆ.

ಅಳಿಯನ ಗ್ಯಾರೇಜು

2023ರ ಆಗಸ್ಟಿನಲ್ಲಿ ನಾವು ದಂಪತಿ ಮಗಳ ಮನೆಗೆ ಅಮೆರಿಕಕ್ಕೆ ಹೋದೆವು. ಅಳಿಯ ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ ಇಂಜಿನಿಯರ್ ಆಗಿದ್ದಾರೆ. ಹೋದ ಮೊದಲ ಶನಿವಾರ ಅವರು ಸ್ವಲ್ಪ ಸಂಕೋಚದಿಂದ, "ಮಾವ, ನಾನು ಮನೆಯಲ್ಲೇ ಬಿಯರ್ ಮಾಡುತ್ತೇನೆ. ನಿಮಗೆ ಬೇಸರ ಆಗುವುದಾದರೆ ನೀವು ಇರುವಷ್ಟು ದಿನ ಮಾಡುವುದಿಲ್ಲ" ಎಂದರು. ಮಗಳು ಒಳಗಿನಿಂದ ಇಣುಕಿ ನೋಡುತ್ತಿದ್ದಳು. "ನಾವು ಇಷ್ಟು ವರ್ಷ ಮಾರಿದ್ದೇವೆ, ಮಾಡುವುದನ್ನು ನೋಡಿದರೆ ಬೇಸರವೇನು?" ಎಂದೆವು.

ಗ್ಯಾರೇಜಿನಲ್ಲಿ ದೊಡ್ಡ ಸ್ಟೀಲ್ ಪಾತ್ರೆ, ಗ್ಯಾಸ್ ಒಲೆ, ತಾಮ್ರದ ಸುರುಳಿ, ಒಂದು ಹಳೆಯ ಫ್ರಿಜ್ಜು. ನಮ್ಮ ಭಟ್ಟರ ಅಡುಗೆಮನೆಯ ಒಂದು ಮೂಲೆ ಇದ್ದ ಹಾಗೆ ಇತ್ತು. ಆ ದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರ ವರೆಗೆ ಸ್ಟೂಲ್ ಹಾಕಿಕೊಂಡು ಕುಳಿತು ನೋಡಿದೆವು. ನೋಡಿದ್ದನ್ನು ಹೋಟೆಲಿನವರ ಭಾಷೆಯಲ್ಲೇ ಹೇಳುತ್ತೇವೆ.

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ನಮ್ಮ ರಾಗಿ ಮಾಲ್ಟ್ ಇದ್ದ ಹಾಗೆಯೇ. ಅದನ್ನು ರವೆಗಿಂತ ದಪ್ಪಗೆ ಒಡೆಯುತ್ತಾರೆ. 19 ಲೀಟರ್ ಬಿಯರಿಗೆ ಅಳಿಯ ತೆಗೆದುಕೊಂಡದ್ದು ನಾಲ್ಕೂವರೆ ಕಿಲೋ. ಅದನ್ನು ಸುಮಾರು 14 ಲೀಟರ್ ಬಿಸಿ ನೀರಿಗೆ ಸುರಿದು, 66 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿಟ್ಟರು. ಈ ಬಿಸಿಯಲ್ಲಿ ಧಾನ್ಯದೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. 63-64 ಡಿಗ್ರಿಗೆ ಇಳಿದರೆ ಬಿಯರ್ ತೆಳುವಾಗುತ್ತದೆ, 69-70ಕ್ಕೆ ಏರಿದರೆ ಕೊನೆಗೆ ಸಿಹಿ ಉಳಿಯುತ್ತದೆ. ಇನ್ನೂ ಮೇಲೆ ಹೋಗಿ 80 ದಾಟಿದರೆ ಸಕ್ಕರೆ ಮಾಡುವ ಶಕ್ತಿಯೇ ಸತ್ತುಹೋಗುತ್ತದೆ. ನಾಲ್ಕೈದು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ! ಅಳಿಯ ಥರ್ಮಾಮೀಟರ್ ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಆಮೇಲೆ ನಾವು ಕಾಫಿ ಡಿಕಾಕ್ಷನ್ ಇಳಿಸುವ ಹಾಗೆ ಕೆಳಗಿನ ನಲ್ಲಿಯಿಂದ ಸಿಹಿ ನೀರು ಇಳಿಸಿ, ಮೇಲಿನಿಂದ ಮತ್ತಷ್ಟು ಬಿಸಿ ನೀರು ಹಾಕಿ ಉಳಿದ ಸಿಹಿಯನ್ನೂ ತೊಳೆದು ತೆಗೆದರು. ಚರಟ ಪಕ್ಕದ ಮನೆಯ ಕೋಳಿಗಳಿಗೆ ಹೋಯಿತು. ಆ ಸಿಹಿ ನೀರನ್ನು ನಾವು ಒಂದು ಲೋಟ ಕುಡಿದೆವು. ಅದರಲ್ಲಿ ಮದ್ಯ ಏನೂ ಇಲ್ಲ, ಬೆಲ್ಲ ಕಡಿಮೆ ಹಾಕಿದ ಪಾನಕದ ಹಾಗೆ.

ಅದನ್ನು ಒಂದು ಗಂಟೆ ಕುದಿಸುತ್ತಾರೆ. ಕುದಿಯುವಾಗ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕುತ್ತಾರೆ. ಮೊದಲೇ ಹಾಕಿದರೆ ಕಹಿ, ಕೊನೆಗೆ ಹಾಕಿದರೆ ಪರಿಮಳ. ನಾವು ಸಾರಿಗೆ ಮೆಣಸು ಮೊದಲು, ಕೊತ್ತಂಬರಿ ಸೊಪ್ಪು ಕೊನೆಗೆ ಹಾಕುವುದು ಇದೇ ಲೆಕ್ಕದಲ್ಲಿ ಅಲ್ಲವೇ? ಆರೆಗಾನಿನ ವಿಲಾಮೆಟ್ ಕಣಿವೆ ಹಾಪ್ಸ್ ಬೆಳೆಗೆ ಹೆಸರಾದದ್ದು. ಅಳಿಯ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದರು. ಎರಡಾಳು ಎತ್ತರಕ್ಕಿಂತ ಮೇಲೆ ಕಟ್ಟಿದ ತಂತಿಗೆ ಹಬ್ಬಿದ ಬಳ್ಳಿಗಳು. ದೂರದಿಂದ ನೋಡಿದರೆ ಊರಿನ ವೀಳ್ಯದೆಲೆ ತೋಟವೇ ನೆನಪಾಯಿತು.

ಕುದಿ ಮುಗಿದ ಮೇಲೆ ತಾಮ್ರದ ಸುರುಳಿಯೊಳಗೆ ತಣ್ಣೀರು ಹರಿಸಿ ಬೇಗ ಬೇಗನೆ 20 ಡಿಗ್ರಿಗೆ ತಣಿಸಿದರು. ಇಲ್ಲಿಂದ ಮುಂದೆ ಮುಟ್ಟುವ ಪ್ರತಿಯೊಂದು ವಸ್ತುವೂ ಔಷಧಿ ನೀರಿನಲ್ಲಿ ಅದ್ದಿ ತೆಗೆದದ್ದು. ಹಾಲಿಗೆ ಲ್ಯಾಕ್ಟೋಮೀಟರ್ ಹಾಕಿದಂತೆ ಇದಕ್ಕೆ ಹೈಡ್ರೋಮೀಟರ್ ಹಾಕಿ ನೋಡಿದರು. 1.050 ತೋರಿಸಿತು. 11 ಗ್ರಾಮಿನ ಒಂದು ಪ್ಯಾಕೆಟ್ ಯೀಸ್ಟ್ ಉದುರಿಸಿ, ಬಕೆಟ್ ಮುಚ್ಚಿ, ಗಾಳಿ ಹೊರಗೆ ಹೋಗುವ ಆದರೆ ಒಳಗೆ ಬಾರದಂಥ ನೀರಿನ ಬೂಚು ಸಿಕ್ಕಿಸಿ, ಫ್ರಿಜ್ಜಿನಲ್ಲಿಟ್ಟರು. ಆ ಫ್ರಿಜ್ಜನ್ನು 19 ಡಿಗ್ರಿಯಲ್ಲೇ ನಿಲ್ಲುವಂತೆ ಹೊರಗಿನಿಂದ ಒಂದು ಯಂತ್ರ ಜೋಡಿಸಿ ಹಿಡಿದಿಟ್ಟಿದ್ದರು. ಎರಡು ವಾರ ಕಳೆದು ನೋಡಿದರೆ ಹೈಡ್ರೋಮೀಟರ್ 1.010ಕ್ಕೆ ಇಳಿದಿತ್ತು. ಅಂದರೆ ಯೀಸ್ಟ್ ಸಕ್ಕರೆ ತಿಂದು ಮುಗಿಸಿದೆ, ಮದ್ಯದ ಅಂಶ ಸುಮಾರು ಶೇಕಡಾ 5.

ಆಮೇಲೆ ಬಾಟ್ಲಿಗೆ ತುಂಬುವಾಗ ಒಟ್ಟಿಗೆ ನೂರು ನೂರಿಪ್ಪತ್ತು ಗ್ರಾಮು ಸಕ್ಕರೆ ಸೇರಿಸಿ ಮುಚ್ಚಳ ಹೊಡೆಯುತ್ತಾರೆ. ಒಳಗಿನ ಯೀಸ್ಟ್ ಅದನ್ನೂ ತಿಂದು ಗ್ಯಾಸು ಮಾಡುತ್ತದೆ, ಅದೇ ನೊರೆ. ಇನ್ನೂ ಎರಡು ವಾರ ಕಾಯಬೇಕು. ಅವಸರ ಮಾಡಿ ಮೊದಲ ಹುಳಿಯುವಿಕೆ ಮುಗಿಯುವ ಮುನ್ನ ಬಾಟ್ಲಿಗೆ ಹಾಕಿದರೆ ಬಾಟ್ಲಿ ಸಿಡಿಯುತ್ತದೆ. ಗಾಜಿನ ಚೂರು ಗೋಡೆಗೆ ನಾಟುವಷ್ಟು ಜೋರಿರುತ್ತದಂತೆ.

ಎಲ್ಲದಕ್ಕೂ ಅಳಿಯ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ದಿನ, ಯಾವ ಮಾಲ್ಟ್, ಎಷ್ಟು ಡಿಗ್ರಿ, ಎಲ್ಲಿ ತಪ್ಪಾಯಿತು ಎಲ್ಲ ಅದರಲ್ಲಿದೆ. "ಮಾವ, ಚೆನ್ನಾಗಿ ಬಂದದ್ದನ್ನು ಮತ್ತೊಮ್ಮೆ ಹಾಗೆಯೇ ಮಾಡುವುದೇ ಕಷ್ಟ" ಎಂದರು. ನಲವತ್ತು ವರ್ಷ ಸಾಂಬಾರಿನ ರುಚಿ ಒಂದೇ ಇರಲಿ ಎಂದು ಒದ್ದಾಡಿದ ನಮಗೆ ಆ ಮಾತು ತಟ್ಟಿತು.

ಹವ್ಯಾಸದಿಂದ ಉದ್ಯಮ

ಅಮೆರಿಕದಲ್ಲಿ 1920ರಿಂದ 1933ರ ವರೆಗೆ ಪಾನನಿರೋಧವಿತ್ತು. ಅದು ಹೋದ ಮೇಲೆ ಮನೆಯಲ್ಲಿ ವೈನ್ ಮಾಡಲು ಕಾನೂನಿನಲ್ಲಿ ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅದು ಸರಿಯಾಯಿತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವರೆಗೆ ತೆರಿಗೆಯಿಲ್ಲದೆ ಮಾಡಬಹುದು, ಆದರೆ ಮಾರುವಂತಿಲ್ಲ. ಅಲ್ಲಿಯೂ ಕೊನೆಯ ಮಾತು ರಾಜ್ಯಗಳದ್ದು. ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಇಂಗ್ಲೆಂಡಿನಲ್ಲಿ ಮನೆ ಬಿಯರಿಗೆ ಬೇಕಾಗಿದ್ದ ಲೈಸನ್ಸನ್ನು 1963ರಲ್ಲೇ ತೆಗೆದರು.

ಈ ಹವ್ಯಾಸಿಗಳಿಂದಲೇ ಮುಂದೆ ದೊಡ್ಡ ಉದ್ಯಮಗಳು ಹುಟ್ಟಿದವು. ಕ್ಯಾಲಿಫೋರ್ನಿಯಾದ ಚೀಕೋ ಎಂಬ ಊರಿನಲ್ಲಿ ಮನೆ ಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡಾ ಬಿಯರ್ ಶುರು ಮಾಡಿದರು. ಅಳಿಯನ ಊರಿನ ಹತ್ತಿರದ ಪೋರ್ಟ್‌ಲ್ಯಾಂಡಿನಲ್ಲಿ ಕರ್ಟ್ ಮತ್ತು ರಾಬ್ ವಿಡ್ಮರ್ ಎಂಬ ಅಣ್ಣತಮ್ಮಂದಿರು ಮನೆಯಲ್ಲಿ ಬಿಯರ್ ಮಾಡುತ್ತಿದ್ದವರು 1984ರಲ್ಲಿ ಸ್ವಂತ ಬ್ರೂವರಿ ತೆರೆದರು. ಚಾರ್ಲಿ ಪಪೇಜಿಯನ್ ಎಂಬ ಶಾಲಾ ಮಾಸ್ತರರು 1978ರಲ್ಲಿ ಕೊಲರಾಡೋದ ಬೌಲ್ಡರ್ ಊರಿನಲ್ಲಿ ಮನೆ ಬಿಯರಿನವರ ಸಂಘವನ್ನೇ ಕಟ್ಟಿದರು. ಕಾನೂನು ದಾರಿ ಕೊಟ್ಟರೆ ಒಲೆಯ ಮುಂದಿನ ಹವ್ಯಾಸ ನಾಳೆ ಹತ್ತು ಜನರಿಗೆ ಕೆಲಸ ಕೊಡುತ್ತದೆ ಎಂಬುದಕ್ಕೆ ಇವು ಉದಾಹರಣೆ.

ಇದನ್ನೆಲ್ಲ ನಾವು ಅಲ್ಲಿಂದಲೇ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದೆವು. ವಿಡಿಯೋ ಕಾಲಿನಲ್ಲಿ ಗ್ಯಾರೇಜು ತೋರಿಸಿದೆವು. ಅಳಿಯನನ್ನು ಬಾಯಿತುಂಬ ಹೊಗಳಿದೆವು. ಅಲ್ಲಿಯೇ ನಮ್ಮ ತಪ್ಪು ಆದದ್ದು.

ಮಗನ ಬಕೆಟ್ಟು

ಅಕ್ಟೋಬರಿನಲ್ಲಿ ಡೊಂಬಿವಲಿಗೆ ಬಂದೆವು. ಬಂದು ಹತ್ತು ದಿನವಾಗಿರಬಹುದು. ಒಂದು ಬೆಳಿಗ್ಗೆ ಭಟ್ಟರು ಗಲ್ಲೆಯ ಹತ್ತಿರ ಬಂದು, "ಅಣ್ಣ, ಮೇಲಿನ ಸ್ಟೋರ್ ರೂಮಿನಲ್ಲಿ ಹುಳಿ ವಾಸನೆ ಬರುತ್ತಿದೆ. ನಾನು ಅಲ್ಲಿ ಹಿಟ್ಟು ಇಟ್ಟಿಲ್ಲ" ಎಂದರು. ಹೋಗಿ ನೋಡಿದರೆ ಅಕ್ಕಿ ಮೂಟೆಗಳ ಹಿಂದೆ 20 ಲೀಟರಿನ ಬಿಳಿ ಬಕೆಟ್ಟು. ಮುಚ್ಚಳದ ಬೂಚಿನಿಂದ ನೊರೆ ಉಕ್ಕಿ ನೆಲಕ್ಕೆ ಇಳಿದಿತ್ತು. ಏನೆಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮ ಕೈಕಾಲು ತಣ್ಣಗಾದವು. ನಮ್ಮದು ಎಫ್‌ಎಲ್ 3 ಲೈಸನ್ಸ್. ಅಬಕಾರಿ ಇಲಾಖೆಯವರು ಯಾವ ಹೊತ್ತಿಗೂ ತಪಾಸಣೆಗೆ ಬರಬಹುದು. ರಿಜಿಸ್ಟರಿನಲ್ಲಿ ಒಂದು ಬಾಟ್ಲಿ ಹೆಚ್ಚುಕಡಿಮೆ ಬಂದರೆ ಉತ್ತರ ಕೊಡಬೇಕಾದ ಜಾಗದಲ್ಲಿ 20 ಲೀಟರ್ ಕಳ್ಳ ಬಿಯರ್! ಹೋಟೆಲಿನಲ್ಲಿ 22 ಮಂದಿ ಕೆಲಸದವರು, ಅವರ ಹಿಂದೆ ಅವರ ಊರಿನ ಮನೆಗಳು.

ಬಂಧುಗಳು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮ ದೇಶದಲ್ಲಿ ಮದ್ಯ ರಾಜ್ಯಗಳ ಪಟ್ಟಿಯ ವಿಷಯ, ಒಂದೊಂದು ರಾಜ್ಯಕ್ಕೆ ಒಂದೊಂದು ಕಾಯ್ದೆ. ಮಹಾರಾಷ್ಟ್ರದಲ್ಲಿ 1949ರ ಪ್ರೊಹಿಬಿಷನ್ ಕಾಯ್ದೆ, ತಮಿಳುನಾಡಿನಲ್ಲಿ 1937ರದು, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ, ದೆಹಲಿಯಲ್ಲಿ 2009ರದು. ಇವೆಲ್ಲದರಲ್ಲೂ ಲೈಸನ್ಸ್ ಇಲ್ಲದೆ ಮದ್ಯ ತಯಾರಿಸುವುದು ಜೈಲು ಶಿಕ್ಷೆಯ ಅಪರಾಧ. "ಮಾರಲಿಕ್ಕಲ್ಲ, ಮನೆಯಲ್ಲಿ ಕುಡಿಯಲಿಕ್ಕೆ" ಎಂದು ಹೇಳಿದರೂ ತಯಾರಿಕೆ ತಯಾರಿಕೆಯೇ ಎಂದು ನಮ್ಮ ವಕೀಲರು ಹೇಳಿದರು. ಮಾರುವ ಲೈಸನ್ಸು ಬೇರೆ, ಮಾಡುವ ಲೈಸನ್ಸು ಬೇರೆ. ಮಾಲ್ಟು, ಯೀಸ್ಟು, ಬಕೆಟ್ಟು ಇವೆಲ್ಲ ಆನ್‌ಲೈನಿನಲ್ಲಿ ಸಿಗುತ್ತವೆ ಎಂದ ಮಾತ್ರಕ್ಕೆ ಮಾಡಲು ಅನುಮತಿ ಸಿಕ್ಕಿತು ಎಂದಲ್ಲ.

ಆ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಮಗನನ್ನು ಕರೆದು, ಅವನ ಕಣ್ಣೆದುರೇ ಬಕೆಟ್ಟನ್ನು ಮೋರಿಗೆ ಸುರಿದೆವು. ಅವನು ಒಂದೇ ಮಾತು ಹೇಳಿದ್ದು. "ಅಮೆರಿಕದಲ್ಲಿ ಭಾವ ಮಾಡಿದರೆ ಹೊಗಳುತ್ತೀರಿ. ನಾನು ಮಾಡಿದರೆ ಮೋರಿಗೆ." ಆಮೇಲೆ ಎಂಟು ದಿನ ನಮ್ಮೊಡನೆ ಮಾತಿಲ್ಲ. ಹೋಟೆಲಿಗೆ ಬರುವುದು, ಕುಳಿತುಕೊಳ್ಳುವುದು, ಹೋಗುವುದು.

ಮಕ್ಕಳು ಈ ಉದ್ಯಮಕ್ಕೆ ಬರುವುದಿಲ್ಲ ಎಂಬುದು ನಮ್ಮೆಲ್ಲರ ಮನೆಯ ಕೊರಗು. ಸಂಘದ ಸಭೆಯಲ್ಲಿ ನಾಲ್ಕು ಜನ ಸೇರಿದರೆ ಇದೇ ಮಾತು. ನಮ್ಮ ಮಗ ಬಿ.ಕಾಂ. ಮುಗಿಸಿ ಹೋಟೆಲಿಗೆ ಬಂದವನು, ಆದರೆ ಮನಸ್ಸಿಟ್ಟು ಬಂದವನಲ್ಲ. ಯಾವಾಗ ಬೇರೆ ಕೆಲಸ ಹುಡುಕುತ್ತಾನೋ ಎಂಬ ಹೆದರಿಕೆ ನಮಗೆ ಇದ್ದೇ ಇತ್ತು.

ಒಂಬತ್ತನೆಯ ದಿನ ಸ್ಟೋರ್ ರೂಮಿನಲ್ಲಿ ಅಕ್ಕಿ ಲೆಕ್ಕ ಹಾಕುವಾಗ ಮೂಟೆಗಳ ಸಂದಿಯಲ್ಲಿ ಒಂದು ಎರಡು ಗೆರೆಯ ಪುಸ್ತಕ ಸಿಕ್ಕಿತು. ಮಗನ ಅಕ್ಷರ. ಹತ್ತು ದಿನ, ದಿನಕ್ಕೆ ನಾಲ್ಕು ಸಲ ಆ ಕೋಣೆಯ ಉಷ್ಣತೆ ಬರೆದಿಟ್ಟಿದ್ದ. ಬೆಳಿಗ್ಗೆ 27, ಮಧ್ಯಾಹ್ನ 33. ಬಕೆಟ್ಟಿನ ಸುತ್ತ ಒದ್ದೆ ಗೋಣಿ ಸುತ್ತಿದರೆ ಎರಡು ಡಿಗ್ರಿ ಇಳಿಯುತ್ತದೆ ಎಂದು ಬರೆದಿದ್ದ. "ಬಿಸಿ ಹೆಚ್ಚು, ಯೀಸ್ಟ್ ಕೆಡಬಹುದು, ಭಾವನಿಗೆ ಕೇಳಬೇಕು" ಎಂದೂ ಇತ್ತು. ಹಿಟ್ಟಿನ ರಿಜಿಸ್ಟರ್ ಬರಿ ಎಂದು ನಾವು ಎರಡು ವರ್ಷ ಹೇಳಿದರೂ ಒಂದು ಸಾಲು ಬರೆಯದ ಹುಡುಗ ಇವನು. ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟೆವು.

ಹಿಟ್ಟಿನ ಕೋಣೆ

ಮನೆಗೆ ಹೋಗಿ ಪುಸ್ತಕ ಅವನ ಕೈಗೆ ಕೊಟ್ಟೆವು. "ಸುರಿದದ್ದು ಸರಿ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ಮಾಡಿದ ಕೆಲಸ ಚೆನ್ನಾಗಿತ್ತು ಎಂದು ಹೇಳದೆ ಇದ್ದದ್ದು ತಪ್ಪು" ಎಂದೆವು. ಆಮೇಲೆ ನಮಗೆ ತಿಳಿದ ಒಂದು ವಿಷಯ ಅವನಿಗೆ ಹೇಳಿದೆವು. ಅಳಿಯ ಹೇಳಿದ್ದ ಮಾತು ಅದು. ಇಡ್ಲಿ ಹಿಟ್ಟು ಉಬ್ಬಿಸುವ ಮುಖ್ಯ ಕೆಲಸ ಲ್ಯಾಕ್ಟಿಕ್ ಆಸಿಡ್ ಮಾಡುವ ಬ್ಯಾಕ್ಟೀರಿಯಾಗಳದ್ದು, ಬಿಯರಿನಲ್ಲಿ ಯೀಸ್ಟಿನದು. ನಮ್ಮ ಹಿಟ್ಟಿಗೆ ಬೇಕಾದ ಬ್ಯಾಕ್ಟೀರಿಯಾ ಬಿಯರಿಗೆ ಶತ್ರು. ಇಡ್ಲಿ ಹೋಟೆಲಿನಷ್ಟು ಕೆಟ್ಟ ಜಾಗ ಬಿಯರ್ ಮಾಡಲಿಕ್ಕೆ ಬೇರೆ ಇಲ್ಲ. ಅವನಿಗೆ ನಗು ಬಂತು. ಎಂಟು ದಿನದ ಮೇಲಿನ ಮೊದಲ ನಗು.

ಹಾಗೆ ನೋಡಿದರೆ ಹುಳಿ ಬರಿಸುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಮಂಗಳೂರು ಕಡೆಯ ಕ್ರೈಸ್ತ ಬಂಧುಗಳು ಸನ್ನಾಣಕ್ಕೆ ಶೇಂದಿ ಹಾಕಿ ಹಿಟ್ಟು ಉಬ್ಬಿಸುತ್ತಿದ್ದರು. ಅದರಲ್ಲಿ ಕೆಲಸ ಮಾಡುವುದು ಯೀಸ್ಟೇ. ನಮ್ಮ ಅಜ್ಜಿಯಂದಿರು ಕೈಯಿಂದ ಪಾತ್ರೆ ಮುಟ್ಟಿ ನೋಡಿ, ಚಳಿ ಇದ್ದರೆ ಒಲೆಯ ಹತ್ತಿರ ಸರಿಸುತ್ತಿದ್ದರು. ಥರ್ಮಾಮೀಟರ್ ಇರಲಿಲ್ಲ ಅಷ್ಟೆ.

2023ರ ಡಿಸೆಂಬರಿನಿಂದ ಹಿಟ್ಟಿನ ಕೋಣೆಯನ್ನು ಮಗನಿಗೆ ಒಪ್ಪಿಸಿದೆವು. ಚಳಿಗಾಲದಲ್ಲಿ ನಮ್ಮ ಹಿಟ್ಟು ಏಳುವುದೇ ಇಲ್ಲ, ಬೆಳಗಿನ ಇಡ್ಲಿ ಕಲ್ಲು. ಭಟ್ಟರು ಕೆಲವು ದಿನ ಬಿಸಿ ನೀರು ಸುರಿಯುವುದು, ಕೆಲವು ದಿನ ಸೋಡಾ ಹಾಕುವುದು ಮಾಡುತ್ತಿದ್ದರು. ಮಗ ಒಂದು ಹಳೆಯ, ಕೆಟ್ಟುಹೋದ ಆಳೆತ್ತರದ ಫ್ರಿಜ್ಜನ್ನು ಗುಜರಿಯಿಂದ ತಂದು, ಒಳಗೆ ಒಂದು ಬಲ್ಬು ಹಾಕಿ, ಭಾವನ ಹಾಗೆಯೇ ಹೊರಗೆ ಯಂತ್ರ ಜೋಡಿಸಿ, ಒಳಗಿನ ಬಿಸಿ 30 ಡಿಗ್ರಿಯಲ್ಲಿ ನಿಲ್ಲುವಂತೆ ಮಾಡಿದ. ಅಳಿಯನ ಫ್ರಿಜ್ಜು ಬಿಯರನ್ನು ತಣ್ಣಗಿಟ್ಟರೆ, ನಮ್ಮ ಫ್ರಿಜ್ಜು ಹಿಟ್ಟನ್ನು ಬೆಚ್ಚಗಿಡುತ್ತದೆ. ಹಿಂದಿನ ಚಳಿಗಾಲದಲ್ಲಿ ಆರು ದಿನದ ಹಿಟ್ಟು ಎಸೆದಿದ್ದೆವು. ಆ ಚಳಿಗಾಲದಲ್ಲಿ ಒಂದೇ ದಿನ, ಅದೂ ಕರೆಂಟು ಹೋಗಿದ್ದಕ್ಕೆ. ಈಗ ಭಟ್ಟರೇ ರಿಜಿಸ್ಟರಿನಲ್ಲಿ ಡಿಗ್ರಿ ಬರೆಯುತ್ತಾರೆ.

ಪರ್ಮಿಟ್ ರೂಮಿನಲ್ಲೂ ಮಗ ಕೆಲವು ಬದಲಾವಣೆ ಮಾಡಿಸಿದ. ಲೈಸನ್ಸ್ ಇರುವ ಬಂಧುಗಳಿಗೆ ಉಪಯೋಗವಾಗಲೆಂದು ಬರೆಯುತ್ತೇವೆ.

ಬಿಯರ್ ಬಾಟ್ಲಿಗೆ ಬಿಸಿಲು ಅಥವಾ ಟ್ಯೂಬ್‌ಲೈಟಿನ ಬೆಳಕು ಬೀಳಬಾರದು. ಬೆಳಕಿಗೆ ಹಾಪ್ಸ್ ಕೆಟ್ಟು ದುರ್ವಾಸನೆ ಬರುತ್ತದೆ. ಹಸಿರು ಮತ್ತು ಬಿಳಿ ಬಾಟ್ಲಿಗೆ ಬೇಗ, ಕಂದು ಬಾಟ್ಲಿಗೆ ನಿಧಾನ. ಕಿಟಕಿಯ ಪಕ್ಕ ಚಂದಕ್ಕೆ ಜೋಡಿಸಿಡುವುದನ್ನು ನಾವು ನಿಲ್ಲಿಸಿದೆವು.

ಸ್ಟಾಕನ್ನು ಅಡುಗೆಮನೆಯ ಗೋಡೆಗೆ ತಾಗಿ ಇಡಬಾರದು. ಬಿಸಿಗೆ ಬಿಯರ್ ಬೇಗ ಹಳತಾಗಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಹಳೆಯ ಸ್ಟಾಕ್ ಮುಂದೆ, ಹೊಸದು ಹಿಂದೆ.

ಗ್ಲಾಸಿನಲ್ಲಿ ಎಣ್ಣೆಯ ಪಸೆ ಅಥವಾ ಸೋಪು ಉಳಿದರೆ ನೊರೆ ನಿಲ್ಲುವುದಿಲ್ಲ. ಬಿಯರ್ ಗ್ಲಾಸನ್ನು ಊಟದ ತಟ್ಟೆಗಳ ಜೊತೆ ತೊಳೆಯಬಾರದು, ಬಟ್ಟೆಯಿಂದ ಒರೆಸಬಾರದು, ಮಗುಚಿ ಹಾಕಿ ಗಾಳಿಗೆ ಒಣಗಿಸಬೇಕು. "ಬಿಯರ್ ಚಪ್ಪೆಯಾಗಿದೆ" ಎಂದು ಗಿರಾಕಿ ದೂರಿದಾಗ ನಾವು ಇಷ್ಟು ವರ್ಷ ಕಂಪೆನಿಯನ್ನು ಬೈದೆವು. ಎಷ್ಟೋ ಸಲ ತಪ್ಪು ನಮ್ಮ ಗ್ಲಾಸಿನದ್ದೇ ಆಗಿತ್ತು.

ಇನ್ನು ಬಿಯರ್ ಮಾಡುವ ಆಸೆಯ ವಿಷಯ. ನಮ್ಮಲ್ಲೂ ಕಾನೂನಿನ ದಾರಿ ಇಲ್ಲದಿಲ್ಲ. ಪುಣೆಯಲ್ಲಿ 2009ರಲ್ಲಿ ದೂಲಾಲಿ ಎಂಬ ಮೈಕ್ರೋಬ್ರೂವರಿ ಶುರುವಾಯಿತು. ಈಗ ಮಹಾರಾಷ್ಟ್ರ, ಕರ್ನಾಟಕ, ಹರಿಯಾಣ ಮುಂತಾದ ರಾಜ್ಯಗಳು ಇದಕ್ಕೆ ಲೈಸನ್ಸ್ ಕೊಡುತ್ತವೆ. ಬಂಡವಾಳ ಬೇಕು, ಜಾಗ ಬೇಕು, ನಮ್ಮಂಥವರ ಕೈಗೆ ಸುಲಭಕ್ಕೆ ಎಟುಕುವುದಲ್ಲ. ಆದರೂ ಮಗ ತಿಂಗಳಿಗೆ ಎರಡು ಸೋಮವಾರ ಪುಣೆಗೆ ಹೋಗಿ ಲೈಸನ್ಸ್ ಇರುವ ಒಂದು ಬ್ರೂವರಿಯಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಕಲಿಯುತ್ತಿದ್ದಾನೆ. ಸಂಬಳವಿಲ್ಲ. ನಾವು 1982ರಲ್ಲಿ ಶುರು ಮಾಡಿದ್ದೂ ಪಾತ್ರೆ ತೊಳೆಯುವುದರಿಂದಲೇ. ನಾಳೆ ಅವನು ಬ್ರೂವರಿ ಹಾಕುತ್ತಾನೋ ಇಲ್ಲವೋ, ನಮಗೆ ಗೊತ್ತಿಲ್ಲ. ಈಗ ಹೋಟೆಲಿನ ವಿಷಯ ನಮ್ಮೊಡನೆ ಕುಳಿತು ಮಾತಾಡುತ್ತಾನೆ, ಅಷ್ಟು ಸಾಕು.

ಆದ್ದರಿಂದ ಬಂಧುಗಳಲ್ಲಿ ಎರಡು ವಿನಂತಿ. ನಿಮ್ಮ ಮನೆಯಲ್ಲೋ, ಹೋಟೆಲಿನ ಮಾಳಿಗೆಯಲ್ಲೋ ಮಕ್ಕಳು ಇಂಥ ಪ್ರಯೋಗಕ್ಕೆ ಕೈಹಾಕಿದರೆ ಕೂಡಲೇ ನಿಲ್ಲಿಸಿ. ವಿದೇಶದಲ್ಲಿ ಕಂಡದ್ದನ್ನು ಇಲ್ಲಿ ಮಾಡಿದರೆ ಜೀವಮಾನದ ಲೈಸನ್ಸು ಒಂದು ಬಕೆಟ್ಟಿಗೆ ಹೋಗುತ್ತದೆ. ಆದರೆ ಸುರಿಯುವ ಮೊದಲು ಆ ಹುಡುಗ ಏನು ಬರೆದಿಟ್ಟಿದ್ದಾನೆ ಎಂದು ಒಮ್ಮೆ ಓದಿ ನೋಡಿ. ನಾವು ಸುರಿದ ಮೇಲೆ ಓದಿದೆವು.

ಆ ಬಿಳಿ ಬಕೆಟ್ಟು ಈಗಲೂ ನಮ್ಮಲ್ಲಿದೆ. ಚೆನ್ನಾಗಿ ತೊಳೆದು ಉದ್ದಿನಬೇಳೆ ನೆನೆಸಲು ಇಟ್ಟುಕೊಂಡಿದ್ದೇವೆ.